ಕಡಲಾಚೆಯ ಕಾಲೇಜು, ಮನೆಯೊಳಗಿನ ಪ್ರಶ್ನೆ

ರಾತ್ರಿ ಹತ್ತು ಗಂಟೆ. ಬೆಂಗಳೂರಿನ ಬಸವನಗುಡಿಯಲ್ಲೋ ಮೈಸೂರಿನ ಸರಸ್ವತೀಪುರದಲ್ಲೋ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಊಟ ಮುಗಿದಿದೆ. ಅಜ್ಜಿ ದೇವರ ಮನೆಯ ದೀಪವನ್ನು ಶಾಂತಮಾಡಿ ಮಲಗಿದ್ದಾರೆ. ನಡುಮನೆಯಲ್ಲಿ ದ್ವಿತೀಯ ಪಿ.ಯು.ಸಿ. ಓದುತ್ತಿರುವ ಮಗಳು ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ. ಅಮೆರಿಕದ ಕಾಲೇಜುಗಳಿಗೆ ಸಲ್ಲಿಸಬೇಕಾದ ಅರ್ಜಿ ಅವಳೆದುರಿಗಿದೆ. ಹೆಸರು, ವಿಳಾಸ, ಹುಟ್ಟಿದ ದಿನ, ತಂದೆತಾಯಿಯರ ಉದ್ಯೋಗ, ಎಲ್ಲವನ್ನೂ ಸರಸರನೆ ತುಂಬಿದ ಅವಳ ಕೈ ಒಂದು ಕಡೆ ಬಂದು ನಿಂತಿದೆ. ಪ್ರಶ್ನೆ ಬಹಳ ಚಿಕ್ಕದು. ಕಾಲೇಜಿನಿಂದ ಹಣಸಹಾಯ ಬೇಡುವ ಉದ್ದೇಶವಿದೆಯೇ, ಇಲ್ಲವೇ? ಉತ್ತರಕ್ಕಿರುವುದು ಎರಡೇ ಪದ: ‘ಹೌದು’, ‘ಇಲ್ಲ’.

“ಅಪ್ಪಾ, ಇಲ್ಲಿ ಏನು ಬರೆಯಲಿ?”

ತಂದೆ ಕನ್ನಡಕವನ್ನು ಮೇಲಕ್ಕೇರಿಸಿ ಓದಿ ನೋಡಿದರು. “‘ಇಲ್ಲ’ ಅಂತಲೇ ಬರಿ, ಪುಟ್ಟಿ. ಮೊದಲು ಸೀಟು ಸಿಗಲಿ. ದುಡ್ಡಿನ ಮಾತು ಆಮೇಲೆ ನೋಡಿಕೊಳ್ಳೋಣ.”

ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ ತಾಯಿ ಕೇಳಿದರು: “ಆಮೇಲೆ ಅಂದರೆ ಯಾವಾಗ?”

ಆ ತಂದೆಯ ಮಾತಿನಲ್ಲಿ ಮಗಳ ಮೇಲಿನ ಅಕ್ಕರೆಯೂ ಇದೆ, ಈ ನಾಡಿನ ಅನುಭವವೂ ಇದೆ. ಇಲ್ಲಿ ಸೀಟೆಂಬುದು ರ‍್ಯಾಂಕಿನಿಂದ ದೊರೆಯುವಂಥದು. ಸಿ.ಇ.ಟಿ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಶುಲ್ಕದ ಚಿಂತೆ. ಆಗ ಬ್ಯಾಂಕಿನ ಸಾಲ, ಭವಿಷ್ಯನಿಧಿ, ಕಡೆಗೆ ಹೆಂಡತಿಯ ಒಡವೆ. ಆದರೆ ಅಮೆರಿಕದ ಆಯ್ದ ಕಾಲೇಜುಗಳ ವಿಷಯದಲ್ಲಿ ಈ ಕ್ರಮ ಬುಡಮೇಲಾಗುತ್ತದೆ. ಅಲ್ಲಿ ಹೊರದೇಶದ ವಿದ್ಯಾರ್ಥಿಗೆ ದುಡ್ಡಿನ ಮಾತು ‘ಆಮೇಲೆ’ ಬರುವುದಿಲ್ಲ. ಹೆಬ್ಬಾಗಿಲಿನಲ್ಲಿಯೇ ಎದುರಾಗುತ್ತದೆ. ಆ ಒಂದು ಪದದ ಉತ್ತರವು ಆರುನೂರು ಪದಗಳ ಪ್ರಬಂಧಕ್ಕಿಂತ ಹೆಚ್ಚಿನ ಭಾರವನ್ನು ಹೊರುವುದುಂಟು.

ಕಿರಿದಾದ ಬಾಗಿಲು

ಬಾಗಿಲು ಎಷ್ಟು ಕಿರಿದೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ೧೬೩೬ರಲ್ಲಿ ಸ್ಥಾಪನೆಯಾದ ಹಾರ್ವರ್ಡ್, ಆ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದು. ೨೦೨೪ರಲ್ಲಿ ಅಲ್ಲಿನ ಪದವಿ ತರಗತಿಗೆ ೫೪,೦೦೮ ಮಂದಿ ಅರ್ಜಿ ಹಾಕಿದರು. ಆಯ್ಕೆಯಾದವರು ೧,೯೩೭ ಮಂದಿ. ನೂರಕ್ಕೆ ನಾಲ್ವರೂ ಅಲ್ಲ. ಎಂ.ಐ.ಟಿ. ಎಂದು ಹೆಸರಾದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಅದೇ ವರ್ಷ ಬಂದ ಅರ್ಜಿಗಳು ೨೮,೨೩೨, ಆಯ್ಕೆ ೧,೨೮೪. ಈ ಆಯ್ಕೆಯಾದವರಲ್ಲಿ ಹೊರದೇಶದವರ ಪಾಲು ಹತ್ತರಲ್ಲಿ ಒಂದರಷ್ಟು ಮಾತ್ರ. ಜಗತ್ತಿನ ಎಲ್ಲ ದೇಶಗಳ ಜಾಣ ಮಕ್ಕಳು ಆ ಒಂದು ಪಾಲಿಗಾಗಿ ಸಾಲು ನಿಂತಿರುತ್ತಾರೆ.

ಇನ್ನೊಂದು ಮಾತು. ಇಂದು ಬೆಂಗಳೂರಿನ ಯಾವ ಬೀದಿಯಲ್ಲಿ ವಿಚಾರಿಸಿದರೂ ಅಮೆರಿಕದಲ್ಲಿ ಓದಿದ ಒಬ್ಬ ಸೋದರಮಾವನೋ ಚಿಕ್ಕಪ್ಪನ ಮಗನೋ ಸಿಗುತ್ತಾನೆ. ೨೦೨೩-೨೪ರ ಸಾಲಿನಲ್ಲಿ ಆ ದೇಶದಲ್ಲಿ ಓದುತ್ತಿದ್ದ ಭಾರತೀಯರು ೩,೩೧,೬೦೨ ಮಂದಿ; ಹೊರದೇಶದ ವಿದ್ಯಾರ್ಥಿಗಳ ಲೆಕ್ಕದಲ್ಲಿ ಭಾರತ ಆ ವರ್ಷ ಚೀನವನ್ನೂ ಹಿಂದೆ ಹಾಕಿತು. ಆದರೆ ಇವರಲ್ಲಿ ಪದವಿ ತರಗತಿಯವರು ೩೬ ಸಾವಿರದಷ್ಟೇ. ಉಳಿದವರಲ್ಲಿ ಬಹುಪಾಲು ಮಂದಿ ಇಲ್ಲಿ ಬಿ.ಇ. ಮುಗಿಸಿ, ಎಂ.ಎಸ್. ಓದಲು ಹೋದವರು ಅಥವಾ ಓದು ಮುಗಿಸಿ ಅಲ್ಲಿಯೇ ಕೆಲಸದ ತರಬೇತಿಯಲ್ಲಿರುವವರು. ಎರಡು ವರ್ಷದ ಎಂ.ಎಸ್.ಗೆ ಸಾಲ ಮಾಡಿ, ಕೆಲಸ ಹಿಡಿದು ತೀರಿಸುವ ದಾರಿ ಬೇರೆ. ಹದಿನೆಂಟರ ಹರೆಯದಲ್ಲಿ ನಾಲ್ಕು ವರ್ಷದ ಪದವಿಗೆ ಹೋಗುವ ದಾರಿ ಬೇರೆ. ಮಾವನ ಸಲಹೆ ಎಷ್ಟೇ ಪ್ರೀತಿಯದಾಗಿರಲಿ, ಅದು ಇನ್ನೊಂದು ಊರಿನ ದಾರಿಯದು.

ಅಂಕಪಟ್ಟಿಯಾಚೆಗೆ

ಈ ಕಾಲೇಜುಗಳಲ್ಲಿ ಇಷ್ಟು ಅಂಕ ಬಂದರೆ ಸೀಟು ಎಂಬ ಗೆರೆಯಿಲ್ಲ. ಬಹುತೇಕ ಕಾಲೇಜುಗಳು ಒಂದೇ ಅರ್ಜಿಯನ್ನು ಒಪ್ಪುತ್ತವೆ. ‘ಕಾಮನ್ ಅಪ್ಲಿಕೇಷನ್’ ಎಂಬ ಈ ಏರ್ಪಾಡು ೧೯೭೫ರಲ್ಲಿ ಹದಿನೈದು ಕಾಲೇಜುಗಳಿಂದ ಆರಂಭವಾಗಿ ಈಗ ಸಾವಿರಕ್ಕೂ ಮಿಕ್ಕಿ ಬೆಳೆದಿದೆ. ಅದರಲ್ಲಿ ಒಂಬತ್ತನೆಯ ತರಗತಿಯಿಂದ ಹನ್ನೆರಡರವರೆಗೆ ನಾಲ್ಕು ವರ್ಷಗಳ ಅಂಕಗಳು, ಉಪಾಧ್ಯಾಯರ ಶಿಫಾರಸು ಪತ್ರಗಳು, ಹತ್ತಕ್ಕೆ ಮೀರದಂತೆ ಪಾಠೇತರ ಚಟುವಟಿಕೆಗಳ ಪಟ್ಟಿ, ೬೫೦ ಪದಗಳಿಗೆ ಮೀರದ ಒಂದು ಪ್ರಬಂಧ ಇವೆಲ್ಲ ಇರುತ್ತವೆ. ಇದರ ಮೇಲೆ ಒಂದೊಂದು ಕಾಲೇಜೂ ತನ್ನದೇ ಕಿರುಪ್ರಶ್ನೆಗಳನ್ನು ಕೇಳುತ್ತದೆ.

‘ನೀನು ಎಷ್ಟು ಅಂಕ ಪಡೆದೆ’ ಎಂಬುದರೊಡನೆ ‘ನೀನು ಯಾರು’ ಎಂದು ಕೇಳುವ ಈ ಪದ್ಧತಿ ಮೇಲ್ನೋಟಕ್ಕೆ ಉದಾರವಾಗಿ ಕಾಣುತ್ತದೆ. ಅದರ ಹುಟ್ಟು ಮಾತ್ರ ಅಷ್ಟು ಉದಾರವಾದುದಲ್ಲ. ೧೯೨೦ರ ದಶಕದಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಗೆದ್ದು ಬರುತ್ತಿದ್ದ ಯೆಹೂದ್ಯ ಹುಡುಗರ ಸಂಖ್ಯೆ ಏರತೊಡಗಿದಾಗ, ಹಾರ್ವರ್ಡಿನ ಅಧ್ಯಕ್ಷ ಎ. ಲಾರೆನ್ಸ್ ಲೊವೆಲ್ ಅವರಿಗೆ ಮಿತಿ ಹಾಕಲು ಯತ್ನಿಸಿದರು. ನೇರವಾದ ಮಿತಿಗೆ ವಿರೋಧ ಬಂದಾಗ ‘ಶೀಲ’, ‘ವ್ಯಕ್ತಿತ್ವ’ ಎಂಬ ಅಳತೆಗೋಲುಗಳು ಮುಂದೆ ಬಂದವು. ಹೊರಗಿಡಲು ಹುಟ್ಟಿದ ಸಾಧನ ಮುಂದೆ ನಾನಾ ಬಗೆಯ ಮಕ್ಕಳನ್ನು ಒಳಗೆ ಕರೆಯುವುದಕ್ಕೂ ಬಳಕೆಯಾಯಿತು. ಆ ಅಳತೆಗೋಲಿನ ಸುತ್ತಲಿನ ಜಗಳ ಮಾತ್ರ ಇಂದಿಗೂ ಮುಗಿದಿಲ್ಲ. ೨೦೨೩ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದುಪಡಿಸಿದ ಮೊಕದ್ದಮೆಯಲ್ಲಿಯೂ ಪ್ರತಿವಾದಿಗಳಲ್ಲೊಂದು ಹಾರ್ವರ್ಡೇ ಆಗಿತ್ತು.

ಎಸ್.ಎ.ಟಿ. ಎಂಬ ಪರೀಕ್ಷೆಯ ಕಥೆಯೂ ಹೀಗೆಯೇ ಏರಿಳಿತದ್ದು. ೧೯೨೬ರಲ್ಲಿ ಮೊದಲ ಬಾರಿ ನಡೆದ ಈ ಪರೀಕ್ಷೆಯನ್ನು ೨೦೨೦ರ ಕೋವಿಡ್ ಪಿಡುಗಿನಲ್ಲಿ ಬಹುತೇಕ ಕಾಲೇಜುಗಳು ಕಡ್ಡಾಯವಲ್ಲವೆಂದವು. ಎಂ.ಐ.ಟಿ. ೨೦೨೨ರಲ್ಲಿ ಅದನ್ನು ಮರಳಿ ಕಡ್ಡಾಯಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ೨೦೨೪ರಲ್ಲಿ ಅದೇ ದಾರಿ ಹಿಡಿದವು. ಯೇಲ್ ಕೂಡ ಯಾವುದಾದರೊಂದು ಪರೀಕ್ಷೆಯ ಅಂಕ ಬೇಕೆಂದಿತು. ಆದುದರಿಂದ ಅಣ್ಣನ ಕಾಲದ ನಿಯಮವನ್ನು ತಂಗಿ ನೆಚ್ಚುವಂತಿಲ್ಲ. ಪ್ರತಿ ವರ್ಷವೂ ಆಯಾ ಕಾಲೇಜಿನ ಪ್ರಕಟಣೆಯನ್ನೇ ನೋಡಬೇಕು.

ಪಿ.ಯು.ಸಿ. ಮಕ್ಕಳ ಪಾಡು

ಕರ್ನಾಟಕದ ವಿದ್ಯಾರ್ಥಿಗೆ ಇಲ್ಲಿ ಒಂದೆರಡು ವಿಶೇಷ ತೊಡಕುಗಳಿವೆ. ಅಮೆರಿಕದ ಹುಡುಗ ನಾಲ್ಕು ವರ್ಷವೂ ಒಂದೇ ಪ್ರೌಢಶಾಲೆಯಲ್ಲಿ ಓದುತ್ತಾನೆ. ಇಲ್ಲಿಯ ಹುಡುಗಿ ಹತ್ತನೆಯ ತರಗತಿ ಮುಗಿಸಿ ಬೇರೊಂದು ಪಿ.ಯು. ಕಾಲೇಜಿಗೆ ಸೇರಿರುತ್ತಾಳೆ. ಅರ್ಧ ದಾಖಲೆ ಹಳೆಯ ಶಾಲೆಯಲ್ಲಿ, ಅರ್ಧ ಹೊಸ ಕಾಲೇಜಿನಲ್ಲಿ. ಅರ್ಜಿಯ ಗಡುವು ನವೆಂಬರಿನಿಂದ ಜನವರಿಯೊಳಗೆ ಮುಗಿಯುತ್ತದೆ, ದ್ವಿತೀಯ ಪಿ.ಯು.ಸಿ. ಪರೀಕ್ಷೆ ನಡೆಯುವುದೇ ಮಾರ್ಚಿನಲ್ಲಿ. ಹೀಗಾಗಿ ಪ್ರಥಮ ಪಿ.ಯು.ಸಿ.ಯ ಅಂಕಗಳಿಗೂ ಅರ್ಧವಾರ್ಷಿಕ ಪರೀಕ್ಷೆಗೂ ಇಲ್ಲಿ ಯಾರೂ ಕೊಡದ ಬೆಲೆ ಅಲ್ಲಿ ಬರುತ್ತದೆ. ‘ಫಸ್ಟ್ ಪಿ.ಯು. ತಾನೇ’ ಎಂದು ಆಟವಾಡಿ ಕಳೆದವರು ಆಮೇಲೆ ಪರಿತಪಿಸುತ್ತಾರೆ.

ಶಿಫಾರಸು ಪತ್ರದ್ದು ಮತ್ತೊಂದು ತೊಡಕು. ಅಮೆರಿಕದ ಶಾಲೆಗಳಲ್ಲಿ ಇಂಥ ಪತ್ರ ಬರೆಯುವುದಕ್ಕೆಂದೇ ಸಲಹಾಧಿಕಾರಿ ಇರುತ್ತಾನೆ. ಇಲ್ಲಿ ಆ ಕೆಲಸ ಪ್ರಿನ್ಸಿಪಾಲರ ತಲೆಗೆ ಬೀಳುತ್ತದೆ. ತುಂಬಿದ ತರಗತಿಗೆ ಪಾಠ ಹೇಳುವ ಉಪನ್ಯಾಸಕರಿಗೆ ವಿದ್ಯಾರ್ಥಿಯ ಹೆಸರೇ ಮರೆತುಹೋಗಿರಬಹುದು. ‘ಸನ್ನಡತೆಯ, ಶ್ರಮಜೀವಿ ವಿದ್ಯಾರ್ಥಿನಿ’ ಎಂಬ ಒಂದು ಸಾಲು ಯಾರಿಗೂ ಉಪಕಾರವಾಗುವುದಿಲ್ಲ. ಜಾಣ ವಿದ್ಯಾರ್ಥಿಗಳು ಜೂನ್‌ನಲ್ಲಿಯೇ ಮೇಷ್ಟರ ಬಳಿ ಹೋಗಿ, ತಾವು ಮಾಡಿದ ಪ್ರಯೋಗ, ಕೇಳಿದ ಪ್ರಶ್ನೆ, ಎಡವಿ ಕಲಿತ ಪಾಠ ಇವನ್ನೆಲ್ಲ ಒಂದು ಹಾಳೆಯಲ್ಲಿ ನೆನಪಿಗೆ ಬರೆದುಕೊಟ್ಟು, ವಿನಯದಿಂದ ಕೇಳಿಕೊಳ್ಳುತ್ತಾರೆ. ಪತ್ರವನ್ನು ಮೇಷ್ಟರೇ ಬರೆಯಬೇಕು. ವಿದ್ಯಾರ್ಥಿಯೇ ಬರೆದು ಸಹಿ ಹಾಕಿಸಿಕೊಳ್ಳುವುದು ಅಲ್ಲಿ ಮೋಸವೆನಿಸುತ್ತದೆ.

ಪ್ರಬಂಧದ ವಿಷಯದಲ್ಲಿ ಪೋಷಕರ ಭಯ ಹೆಚ್ಚು. ‘ನಮ್ಮ ಹುಡುಗಿ ಒಲಿಂಪಿಯಾಡ್ ಗೆದ್ದಿಲ್ಲ, ಸಂಘ ಕಟ್ಟಿಲ್ಲ, ಏನು ಬರೆದಾಳು?’ ಈ ಭಯವನ್ನು ಬಂಡವಾಳ ಮಾಡಿಕೊಂಡ ಸಲಹಾ ಅಂಗಡಿಗಳು ದೊಡ್ಡ ಊರುಗಳಲ್ಲೆಲ್ಲ ತಲೆಯೆತ್ತಿವೆ. ಎರಡು ವಾರದ ‘ಸಮಾಜಸೇವೆ’ಗೆ ಪ್ರಮಾಣಪತ್ರ ಕೊಡುವವರೂ ಪ್ರಬಂಧವನ್ನೇ ಬರೆದುಕೊಡುವವರೂ ಉಂಟು. ಆದರೆ ಸಾಮಾನ್ಯ ಅರ್ಜಿಯ ಚಟುವಟಿಕೆಗಳ ಪಟ್ಟಿಯಲ್ಲಿ ‘ಕುಟುಂಬದ ಹೊಣೆ’ ಎಂಬುದಕ್ಕೂ ‘ಸಂಬಳದ ದುಡಿಮೆ’ ಎಂಬುದಕ್ಕೂ ಬೇರೆ ಬೇರೆ ಸ್ಥಾನವಿದೆಯೆಂಬುದು ಬಹಳ ಮಂದಿಗೆ ತಿಳಿಯದು. ಮಂಡಿನೋವಿನ ಅಜ್ಜಿಯನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದು, ತಮ್ಮನಿಗೆ ಲೆಕ್ಕ ಹೇಳಿಕೊಡುವುದು, ಸಂಜೆ ತಂದೆಯ ಅಂಗಡಿಯಲ್ಲಿ ಕೂರುವುದು ಇವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ದಿನಕ್ಕೆ ಹತ್ತಾರು ಪ್ರಬಂಧಗಳನ್ನು ಓದುವ ಪ್ರವೇಶಾಧಿಕಾರಿಗೆ ಬಾಡಿಗೆ ಮಾತಿನ ವಾಸನೆ ಬೇಗ ಬಡಿಯುತ್ತದೆ. ಹದಿನೇಳು ವರ್ಷದ ಹುಡುಗಿ ಹದಿನೇಳು ವರ್ಷದವಳಂತೆಯೇ ಬರೆದರೆ ಸಾಕು.

ಥೈಲಿಯನ್ನು ನೋಡುವ ಬಾಗಿಲು, ನೋಡದ ಬಾಗಿಲು

ಈಗ ಮತ್ತೆ ಆ ಚಿಕ್ಕ ಪ್ರಶ್ನೆಗೆ ಬರಬೇಕು. ಈ ಮಟ್ಟದ ಖಾಸಗಿ ಕಾಲೇಜುಗಳಲ್ಲಿ ಪಾಠ, ವಸತಿ, ಊಟ ಎಲ್ಲ ಸೇರಿ ವರ್ಷದ ವೆಚ್ಚ ೮೦ ಸಾವಿರ ಡಾಲರುಗಳನ್ನು ದಾಟಿದೆ. ಡಾಲರಿಗೆ ೮೫ ರೂಪಾಯಿಯಂತೆ ಎಣಿಸಿದರೂ ೬೮ ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ೨ ಕೋಟಿ ೭೨ ಲಕ್ಷ. ಇಷ್ಟನ್ನು ಕೈಯಿಂದ ತೆಗೆದುಕೊಡಬಲ್ಲ ಸಂಬಳದ ಮನೆಗಳು ಬೆರಳೆಣಿಕೆಯವು. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಹಾಯವು ಹೊರದೇಶದವರಿಗೆ ದೊರೆಯದು. ಉಳಿದ ದಾರಿ, ಕಾಲೇಜು ತನ್ನ ಸ್ವಂತ ನಿಧಿಯಿಂದ ಕೊಡುವ ಸಹಾಯ.

ಈ ಸಹಾಯದ ದೃಷ್ಟಿಯಿಂದ ಕಾಲೇಜುಗಳಲ್ಲಿ ಮೂರು ಬಗೆ.

ಮೊದಲನೆಯವು, ಅರ್ಜಿದಾರನ ಥೈಲಿಯನ್ನು ನೋಡದೆಯೇ ಆಯ್ಕೆಮಾಡಿ, ಆಯ್ಕೆಯಾದ ಮೇಲೆ ಅವನ ಅಗತ್ಯವನ್ನೆಲ್ಲ ತುಂಬಿಕೊಡುವಂಥವು. ‘ನೀಡ್ ಬ್ಲೈಂಡ್’ ಎಂದು ಇದನ್ನು ಕರೆಯುತ್ತಾರೆ. ಸ್ವದೇಶದ ವಿದ್ಯಾರ್ಥಿಗಳಿಗೆ ಈ ನಿಯಮವನ್ನು ಪಾಲಿಸುವ ಕಾಲೇಜುಗಳು ಅನೇಕವಿವೆ. ಹೊರದೇಶದವರಿಗೂ ಅದನ್ನೇ ಅನ್ವಯಿಸುವವು ಬಹಳ ಕೆಲವು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್ಹರ್ಸ್ಟ್ ಇವು ಹಳಬರು. ೨೦೨೨ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಕಾಲೇಜುಗಳು ಸೇರಿದವು. ೨೦೨೫ರಲ್ಲಿ ಸೇರಿದ ತಂಡದಿಂದ ಬ್ರೌನ್ ವಿಶ್ವವಿದ್ಯಾನಿಲಯವೂ ಸೇರಿತು. ಇನ್ನು ಒಂದೆರಡು ಇರಬಹುದೇ ಹೊರತು ಪಟ್ಟಿ ಉದ್ದವಿಲ್ಲ.

ಎರಡನೆಯವು, ಆಯ್ಕೆಯಾದವರ ಅಗತ್ಯವನ್ನು ತುಂಬಿಕೊಡುತ್ತವೆ, ಆದರೆ ಆಯ್ಕೆಮಾಡುವಾಗ ‘ಇವಳಿಗೆ ಎಷ್ಟು ಕೊಡಬೇಕಾದೀತು’ ಎಂದು ನೋಡುತ್ತವೆ. ಸ್ಟ್ಯಾನ್‌ಫರ್ಡ್ ಮೊದಲಾದ ಬಹುಪಾಲು ಹೆಸರಾಂತ ಸಂಸ್ಥೆಗಳು ಹೊರದೇಶದವರ ಮಟ್ಟಿಗೆ ಈ ಗುಂಪಿನವು. ಹೊರದೇಶದವರಿಗೆಂದು ವರ್ಷಕ್ಕಿಷ್ಟು ಹಣವೆಂದು ಇಲ್ಲಿ ತೆಗೆದಿಟ್ಟಿರುತ್ತಾರೆ. ಅದು ಮುಗಿದ ಮೇಲೆ, ಸಮಾನ ಯೋಗ್ಯತೆಯ ಇಬ್ಬರಲ್ಲಿ ಕೈಯಲ್ಲಿ ಹಣವಿದ್ದವನ ಕಡೆಗೆ ತಕ್ಕಡಿ ವಾಲುತ್ತದೆ.

ಮೂರನೆಯವು, ಹೊರದೇಶದವರಿಗೆ ಇಂಥ ಸಹಾಯವನ್ನು ಕೊಡದಿರುವಂಥವು ಅಥವಾ ಅತ್ಯಲ್ಪವಾಗಿ ಕೊಡುವಂಥವು. ದೊಡ್ಡ ಹೆಸರಿನ ಸರ್ಕಾರಿ ವಿಶ್ವವಿದ್ಯಾನಿಲಯಗಳು ಹಲವು ಈ ಗುಂಪಿಗೆ ಸೇರುತ್ತವೆ. ಬರ್ಕ್‌ಲಿ, ಲಾಸ್ ಏಂಜಲೀಸ್ ಮೊದಲಾದ ಶಾಖೆಗಳುಳ್ಳ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ಹೊರದೇಶದ ಪದವಿ ವಿದ್ಯಾರ್ಥಿಗೆ ಅಗತ್ಯವನ್ನು ನೋಡಿ ಕೊಡುವ ಸಹಾಯವನ್ನು ಇಟ್ಟಿಲ್ಲ. ಅಲ್ಲಿ ಸೀಟು ದೊರೆತರೂ ಪೂರ್ತಿ ವೆಚ್ಚ ಮನೆಯದೇ.

ಈ ಬಾಗಿಲುಗಳು ಸದಾ ಒಂದೇ ರೀತಿ ತೆರೆದಿರುವುದೂ ಇಲ್ಲ. ವಿಲಿಯಮ್ಸ್ ಕಾಲೇಜು ಮೊದಲ ಗುಂಪಿನಲ್ಲಿತ್ತು. ೨೦೦೮ರ ಆರ್ಥಿಕ ಕುಸಿತದ ತರುವಾಯ, ೨೦೧೦ರಲ್ಲಿ, ಆ ನಿಯಮವನ್ನು ಹೊರದೇಶದವರ ಮಟ್ಟಿಗೆ ಕೈಬಿಟ್ಟಿತು. ಡಾರ್ಟ್‌ಮತ್ ಕೈಬಿಟ್ಟಿದ್ದ ನಿಯಮವನ್ನು ಮರಳಿ ತಂದದ್ದು, ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರು ೪೦ ಮಿಲಿಯನ್ ಡಾಲರುಗಳನ್ನು ಕೊಟ್ಟ ಮೇಲೆ. ನಿಧಿ ತುಂಬಿದಾಗ ಬಾಗಿಲು ಅಗಲ, ತಗ್ಗಿದಾಗ ಕಿರಿದು.

ಬೇಡುವುದಲ್ಲ, ತಿಳಿಸುವುದು

ಹಾಗಾದರೆ ‘ಇಲ್ಲ’ ಎಂದು ಬರೆದು ಒಳಗೆ ಹೋಗಿಬಿಡುವುದೇ ಜಾಣತನವಲ್ಲವೇ ಎಂದು ಆ ತಂದೆಯಂತೆ ಅನೇಕರಿಗೆ ಅನ್ನಿಸುತ್ತದೆ. ಅಪಾಯವಿರುವುದು ಇಲ್ಲಿಯೇ. ಎರಡನೆಯ ಗುಂಪಿನ ಅನೇಕ ಕಾಲೇಜುಗಳಲ್ಲಿ, ಅರ್ಜಿಯ ವೇಳೆ ಸಹಾಯ ಕೇಳದ ಹೊರದೇಶದ ವಿದ್ಯಾರ್ಥಿ ಮುಂದಿನ ನಾಲ್ಕು ವರ್ಷವೂ ಕೇಳುವಂತಿಲ್ಲ. ಸೀಟು ಸಿಕ್ಕಿತೆಂದು ಮನೆಯಲ್ಲಿ ಹಬ್ಬವಾದ ಮೇಲೆ ಬಿಲ್ಲು ಬರುತ್ತದೆ. ಆಗ ಮನೆಯ ಪತ್ರ ಬ್ಯಾಂಕಿಗೆ ಹೋಗುತ್ತದೆ. ಎರಡನೆಯ ವರ್ಷಕ್ಕೆ ಊರಿನ ಗದ್ದೆ ಹೋಗುತ್ತದೆ. ಮೂರನೆಯ ವರ್ಷಕ್ಕೆ ಉಳಿದದ್ದೇನು? ಓದನ್ನು ಅರ್ಧಕ್ಕೆ ಬಿಟ್ಟು ಬರುವ ನೋವು ಸೀಟೇ ದೊರೆಯದ ನೋವಿಗಿಂತ ದೊಡ್ಡದು. ಅರ್ಜಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು ಎಂದಾದರೆ ಅದು ಸುಳ್ಳೂ ಹೌದು. ಥೈಲಿಯನ್ನೇ ನೋಡದ ಮೊದಲ ಗುಂಪಿನ ಕಾಲೇಜಿಗೆ ‘ಇಲ್ಲ’ ಎಂದು ಬರೆಯುವುದರಿಂದ ಆಯ್ಕೆಗೆ ಎಳ್ಳಷ್ಟೂ ಲಾಭವಿಲ್ಲ.

‘ಹೌದು’ ಎಂದು ಬರೆಯಲು ಅಡ್ಡ ಬರುವುದು ಲೆಕ್ಕವೊಂದೇ ಅಲ್ಲ, ಮಾನ. ಯಾರ ಮುಂದೆಯೂ ಕೈ ಚಾಚದೆ ಬದುಕಿದೆವೆಂಬುದು ಮಧ್ಯಮವರ್ಗದ ಮನೆಗಳ ಹೆಮ್ಮೆ. ಇಲ್ಲಿ ತಿಳಿಯಬೇಕಾದ ಸಂಗತಿಯೊಂದಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಎಂಟು ಸಂಸ್ಥೆಗಳ ‘ಐವಿ ಲೀಗ್’ ಗುಂಪು ಜಾಣತನಕ್ಕೆಂದು ವಿದ್ಯಾರ್ಥಿವೇತನ ಕೊಡುವುದೇ ಇಲ್ಲ. ಅಲ್ಲಿಗೆ ಬರುವವರೆಲ್ಲರೂ ಜಾಣರೇ. ಕೊಡುವುದೆಲ್ಲ ಅಗತ್ಯವನ್ನು ನೋಡಿ. ಪತ್ರಿಕೆಗಳಲ್ಲಿ ‘ಕೋಟಿ ರೂಪಾಯಿಯ ವಿದ್ಯಾರ್ಥಿವೇತನ’ ಎಂದು ಪ್ರಕಟವಾಗುವ ಸುದ್ದಿಯ ಹಿಂದೆ ಅನೇಕ ವೇಳೆ ಇರುವುದು ಇಷ್ಟೇ: ಆ ಮಗು ‘ಹೌದು’ ಎಂದು ಬರೆದಿತ್ತು, ಆ ಮನೆಯವರು ತಮ್ಮ ಲೆಕ್ಕವನ್ನು ಬಿಚ್ಚಿಟ್ಟಿದ್ದರು. ಕೇಳದವರಿಗೆ ದೊರೆಯುವುದಿಲ್ಲ. ಹಾರ್ವರ್ಡಿನ ಮೂಲನಿಧಿ ೫೦ ಬಿಲಿಯನ್ ಡಾಲರುಗಳನ್ನು ಮೀರಿದೆ. ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ಆದಾಯದ ಮನೆಗಳಿಂದ, ಸಾಮಾನ್ಯ ಪ್ರಮಾಣದ ಆಸ್ತಿಯಿದ್ದರೆ, ಏನನ್ನೂ ಪಡೆಯುವುದಿಲ್ಲವೆಂದು ೨೦೨೫ರಲ್ಲಿ ಆ ವಿಶ್ವವಿದ್ಯಾನಿಲಯ ಪ್ರಕಟಿಸಿತು. ಪ್ರಿನ್ಸ್‌ಟನ್ ೨೦೦೧ರಲ್ಲಿಯೇ ತನ್ನ ಸಹಾಯದಿಂದ ಸಾಲವನ್ನು ತೆಗೆದು, ಅದರ ಬದಲಿಗೆ ಹಿಂದಿರುಗಿಸಬೇಕಿಲ್ಲದ ಹಣವನ್ನೇ ಕೊಡತೊಡಗಿತು.

ಲೆಕ್ಕ ಬಿಚ್ಚಿಡುವ ನಮೂನೆಗೆ ‘ಸಿ.ಎಸ್.ಎಸ್. ಪ್ರೊಫೈಲ್’ ಎಂದು ಹೆಸರು. ಸಂಬಳ, ಉಳಿತಾಯ, ಮನೆ, ಜಮೀನು, ಸಾಲ, ಓದುತ್ತಿರುವ ಇತರ ಮಕ್ಕಳು, ಮನೆಯ ಆಶ್ರಯದಲ್ಲಿರುವ ವೃದ್ಧರು ಎಲ್ಲವನ್ನೂ ಅದು ಕೇಳುತ್ತದೆ. ಒಟ್ಟು ವೆಚ್ಚದಲ್ಲಿ ಮನೆಯವರು ಕೊಡಬಲ್ಲುದನ್ನು ಕಳೆದರೆ ಉಳಿಯುವುದೇ ‘ಅಗತ್ಯ’. ಆದಾಯ ತೆರಿಗೆಯ ಕಾಗದ, ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ ಜೊತೆಗಿರಬೇಕು. ಆಸ್ತಿಯನ್ನು ಮುಚ್ಚಿಟ್ಟರೆ, ಆಯ್ಕೆಯಾದ ಬಳಿಕವೂ ಸೀಟು ರದ್ದಾದೀತು. ಅರ್ಜಿಶುಲ್ಕವೇ ಭಾರವಾದವರು ವಿನಾಯಿತಿಯನ್ನು ಕೇಳಬಹುದು.

ಮುಚ್ಚಳಿಕೆಯ ಅರ್ಜಿ

ಇನ್ನೊಂದು ಎಚ್ಚರಿಕೆ. ‘ಅರ್ಲಿ ಡಿಸಿಷನ್’ ಎಂಬ ಬಗೆಯ ಅರ್ಜಿಯುಂಟು. ನವೆಂಬರಿನಲ್ಲಿಯೇ ಒಂದೇ ಒಂದು ಕಾಲೇಜಿಗೆ ಹೀಗೆ ಅರ್ಜಿ ಹಾಕಿದರೆ ಡಿಸೆಂಬರಿನಲ್ಲಿ ಉತ್ತರ ಬರುತ್ತದೆ; ಆಯ್ಕೆಯಾದರೆ ಅಲ್ಲಿಗೇ ಸೇರುವೆನೆಂದು ವಿದ್ಯಾರ್ಥಿ, ಪೋಷಕರು, ಶಾಲೆಯವರು ಮೂವರೂ ಸಹಿ ಹಾಕಿರುತ್ತಾರೆ. ಇದು ಮುಚ್ಚಳಿಕೆಯೇ ಸರಿ. ಆಯ್ಕೆಯ ಸಂಭವ ಇದರಿಂದ ಹೆಚ್ಚುತ್ತದೆಂದು ಸಲಹೆಗಾರರು ಆಸೆ ತೋರಿಸುತ್ತಾರೆ. ಕೊಟ್ಟ ಹಣಸಹಾಯ ಸಾಲದೆಂದು ಮನೆಯವರು ಹೇಳಿದರೆ ಮುಚ್ಚಳಿಕೆಯಿಂದ ಬಿಡುಗಡೆ ದೊರೆಯುವುದು ನಿಜ. ಆದರೆ ಬೇರೆ ಕಾಲೇಜುಗಳ ಸಹಾಯದೊಡನೆ ಹೋಲಿಸಿ ನೋಡುವ ಅವಕಾಶ ಕೈತಪ್ಪುತ್ತದೆ. ಸಾಮಾನ್ಯ ಅರ್ಜಿಯ ಗಡುವು ಜನವರಿಯ ಮೊದಲ ದಿನಗಳಲ್ಲಿ. ಉತ್ತರ ಮಾರ್ಚ್ ಕೊನೆಗೆ. ಸೇರುವ ನಿರ್ಧಾರವನ್ನು ತಿಳಿಸಲು ಮೇ ೧ರವರೆಗೆ ವಾಯಿದೆ. ನಾಲ್ಕು ಕಡೆಯ ಪತ್ರಗಳನ್ನು ಮೇಜಿನ ಮೇಲೆ ಹರಡಿ, ಹೋಲಿಸಿ ನೋಡಲು ಇಷ್ಟು ಕಾಲ ಸಾಕು.

ದಾರಿಯ ಖರ್ಚನ್ನು ಇನ್ನೊಬ್ಬರು ಕೊಟ್ಟದ್ದರಿಂದ ಓದಿದವರ ಹಿರಿಮೆ ಕುಂದಿದ್ದಿಲ್ಲ. ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದ ಭೀಮರಾವ್ ಅಂಬೇಡ್ಕರರು ಬರೋಡ ಮಹಾರಾಜರ ವಿದ್ಯಾರ್ಥಿವೇತನವನ್ನು ನೆಚ್ಚಿ ಹೋದವರು. ಹಿಂದಿರುಗಿ ಆ ಸಂಸ್ಥಾನದಲ್ಲಿ ಹತ್ತು ವರ್ಷ ಸೇವೆ ಸಲ್ಲಿಸುವೆನೆಂಬ ಕರಾರಿಗೆ ಸಹಿ ಹಾಕಿದ್ದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ೧೯೫೯ರಲ್ಲಿ ಇಂಡಿಯಾನ ವಿಶ್ವವಿದ್ಯಾನಿಲಯಕ್ಕೆ ತೆರಳಿದ್ದು ಫುಲ್‌ಬ್ರೈಟ್ ಸಹಾಯದಿಂದ. ಮುಂದೆ ವಚನಕಾರರ ಮಾತನ್ನು ಇಂಗ್ಲಿಷ್ ಬಲ್ಲ ಜಗತ್ತಿಗೆ ಮುಟ್ಟಿಸಿದವರು ಅವರೇ.

ಸೀಟಿನ ಅನಂತರ

ಸೀಟೂ ಸಹಾಯವೂ ದೊರೆತ ಮೇಲೂ ಒಂದು ಹೊಸ್ತಿಲಿದೆ. ವೆಚ್ಚಕ್ಕೆ ಹಣವಿದೆಯೆಂದು ತೋರಿಸಿದ ಬಳಿಕ ಕಾಲೇಜು ‘ಐ-೨೦’ ಎಂಬ ಕಾಗದವನ್ನು ಕಳುಹಿಸುತ್ತದೆ. ಅದನ್ನು ಹಿಡಿದು ‘ಎಫ್-೧’ ವೀಸಾಕ್ಕೆ ಸಂದರ್ಶನಕ್ಕೆ ಹೋಗಬೇಕು. ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಉದ್ದೇಶವಿದೆಯೆಂದು ಅಧಿಕಾರಿಗೆ ಮನದಟ್ಟಾಗಬೇಕು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ೨೦೨೫ರ ಜನವರಿಯಲ್ಲಿ ತೆರೆಯಿತು; ಆದರೆ ತೆರೆದಾಗ ವೀಸಾ ಕಾರ್ಯ ಅಲ್ಲಿ ಆರಂಭವಾಗಿರಲಿಲ್ಲ. ಅದೇ ವರ್ಷದ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ಕೆಲವು ವಾರ ತಡೆಹಿಡಿದು, ಜೂನ್‌ನಲ್ಲಿ ಪುನಃ ಆರಂಭಿಸುವಾಗ, ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಅಮೆರಿಕ ಸರ್ಕಾರ ವಿಧಿಸಿತು. ರಾಜಕೀಯದ ಗಾಳಿ ಯಾವಾಗ ಯಾವ ಕಡೆಗೆ ಬೀಸೀತೆಂದು ಹೇಳಲಾಗದು. ಅದಕ್ಕಾಗಿಯೇ ವಿವೇಕಿಗಳು ಇಲ್ಲಿನ ಸಿ.ಇ.ಟಿ.ಯನ್ನೋ ಒಳ್ಳೆಯ ವಿಜ್ಞಾನ ಕಾಲೇಜಿನ ಅರ್ಜಿಯನ್ನೋ ಬಿಡುವುದಿಲ್ಲ. ನೂರಕ್ಕೆ ತೊಂಬತ್ತಾರು ಮಂದಿಗೆ ‘ಇಲ್ಲ’ ಎನ್ನುವ ಕಡೆಯಿಂದ ‘ಇಲ್ಲ’ ಎಂಬ ಉತ್ತರ ಬಂದರೆ ಅದು ಮಗುವಿನ ಯೋಗ್ಯತೆಯ ಮೇಲಿನ ತೀರ್ಪಲ್ಲ. ಈ ಮಾತನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಆಡಿಕೊಂಡಿರುವುದು ಕ್ಷೇಮ.

ಇಷ್ಟೆಲ್ಲ ತಿಳಿದ ಮೇಲೆ ಆ ನಡುಮನೆಯಲ್ಲಿ ಏನು ನಡೆದೀತು? ಬಹುಶಃ ತಾಯಿ ಬೀರುವಿನಿಂದ ಲೆಕ್ಕದ ಪುಸ್ತಕವನ್ನು ತಂದು ಮೇಜಿನ ಮೇಲೆ ಇಟ್ಟಾರು. ಸಂಬಳವೆಷ್ಟು, ಮನೆಯ ಸಾಲದ ಕಂತು ಇನ್ನೆಷ್ಟು, ಅಜ್ಜಿಯ ಔಷಧಕ್ಕೆ ತಿಂಗಳಿಗೆಷ್ಟು, ತಂದೆಯ ನಿವೃತ್ತಿಗೆ ಇನ್ನೆಷ್ಟು ವರ್ಷ ಎಂಬುದು ಅದುವರೆಗೆ ಮಗಳಿಗೆ ತಿಳಿದಿರಲಿಲ್ಲ. ತಿಳಿಸಿದರೆ ಮಗು ನೊಂದೀತೆಂದು ಅವರು ಹೇಳಿರಲಿಲ್ಲ. ಕೇಳಿದರೆ ಅಪ್ಪ ನೊಂದಾರೆಂದು ಅವಳು ಕೇಳಿರಲಿಲ್ಲ.

“ವರ್ಷಕ್ಕೆ ಆರು ಲಕ್ಷ,” ಎಂದರು ತಂದೆ, ಬಹಳ ಹೊತ್ತಿನ ಮೇಲೆ. “ಅಷ್ಟು ಕೊಡಬಲ್ಲೆ. ಅದಕ್ಕಿಂತ ಹೆಚ್ಚಿಗೆ ಆಗೋದಿಲ್ಲ, ಪುಟ್ಟಿ. ನಿನ್ನ ತಮ್ಮನೂ ಇದ್ದಾನಲ್ಲ.”

“ಗೊತ್ತಾಯಿತು ಅಪ್ಪಾ,” ಎಂದಳು ಮಗಳು.

ಪಟ್ಟಿಯಲ್ಲಿದ್ದ ಹದಿನೈದು ಕಾಲೇಜುಗಳಲ್ಲಿ ಎಂಟನ್ನು ಅವಳೇ ಹೊಡೆದುಹಾಕಿದಳು. ಉಳಿದ ಏಳರ ಅರ್ಜಿಯಲ್ಲಿ, ಅವಳ ಕೈ ನಿಂತಿದ್ದ ಆ ಜಾಗದಲ್ಲಿ, ‘ಹೌದು’ ಎಂದು ಗುರುತು ಹಾಕಿದಳು. ದೀಪ ಆರಿಸುವಾಗ ಗಂಟೆ ಹನ್ನೊಂದೂವರೆ. ಬೆಳಿಗ್ಗೆ ಏಳಕ್ಕೆ ಅವಳಿಗೆ ಭೌತಶಾಸ್ತ್ರದ ತರಗತಿಯಿತ್ತು.